ಮಾತಿನ ಮೇಷ್ಟ್ರ ನೂರ ಎಪ್ಪತ್ತಮೂರು ಮಿಲಿಸೆಕೆಂಡು

ಮಾತಿನ ಮೇಷ್ಟ್ರು ಕಂಪ್ಯೂಟರಿನ ಮುಂದೆ ಕೂತು ಮೊದಲ ಸಲ ಕೀ ಒತ್ತಿದ ದಿನ ಜಗತ್ತಿನ ಅಷ್ಟೂ ಕಂಪ್ಯೂಟರುಗಳು ಕೈಲಿದ್ದ ಕೆಲಸ ಬಿಟ್ಟು ಎರಡು ನಿಮಿಷ ಉಸಿರು ಬಿಗಿಹಿಡಿದಿದ್ದವು. ಆಕಾಶದಲ್ಲಿ ಸುತ್ತುವ ಉಪಗ್ರಹಗಳು ಬಗ್ಗಿ ನೋಡಿದವು. ಸಮುದ್ರದ ತಳದಲ್ಲಿ ಮಲಗಿರುವ ತಂತಿಗಳು "ಬಂದರು, ಬಂದರು" ಎಂದು ಒಂದಕ್ಕೊಂದು ಪಿಸುಗುಟ್ಟಿಕೊಂಡವು. ಇದನ್ನು ನಂಬದವರು ಮೇಷ್ಟ್ರನ್ನೇ ಕೇಳಬಹುದು. ಇಷ್ಟೂ ಅವರ ಬಾಯಿಂದಲೇ ಬಂದದ್ದು. ಅವರ ಹೆಂಡತಿಯನ್ನು ಮಾತ್ರ ಕೇಳಬಾರದು. ಆಕೆಯ ಪ್ರಕಾರ ಅವತ್ತು ಮೇಷ್ಟ್ರು ಹತ್ತು ನಿಮಿಷ ಕುಟ್ಟಿದ್ದು ಪ್ಲಗ್ ಹಾಕದ ಕಂಪ್ಯೂಟರನ್ನು.

ಮೇಷ್ಟ್ರು ಎಂದರೆ ಶಾಲೆಯ ಮೇಷ್ಟ್ರಲ್ಲ. ದೊಡ್ಡ ಆಸ್ಪತ್ರೆಯ ಎರಡನೆಯ ಮಹಡಿಯಲ್ಲಿ, ಲಿಫ್ಟಿನ ಪಕ್ಕದ ಕಿಟಕಿಯಿಲ್ಲದ ಕೋಣೆಯಲ್ಲಿ, ಲಕ್ವ ಹೊಡೆದು ಮಾತು ಕಳೆದುಕೊಂಡವರಿಗೆ ಮತ್ತೆ ಮಾತು ಕಲಿಸುವುದು ಅವರ ಕೆಲಸ. ಇಪ್ಪತ್ತೆರಡು ವರ್ಷದಿಂದ ಅದನ್ನೇ ಮಾಡಿಕೊಂಡು ಬಂದಿದ್ದಾರೆ. ಎದುರಿಗೆ ಕೂತವರ ಬಾಯಿಂದ ಒಂದು ಪದ ಹೊರಡಿಸಲು ಚಿತ್ರ ತೋರಿಸುತ್ತಾರೆ, ಮೊದಲ ಅಕ್ಷರ ಗುನುಗುತ್ತಾರೆ, ಕೈಕಾಲು ಆಡಿಸಿ ನಟಿಸುತ್ತಾರೆ. ಅವರ ಬಾಯಿ ಎಷ್ಟು ದೊಡ್ಡದೋ ತಾಳ್ಮೆಯೂ ಅಷ್ಟೇ ದೊಡ್ಡದು. ಇದೊಂದು ಮಾತನ್ನು ಹೆಂಡತಿಯೂ ಒಪ್ಪುತ್ತಾರೆ.

ಅವರ ಕೋಣೆಗೆ ವಾರಕ್ಕೆ ಮೂರು ದಿನ ಒಬ್ಬ ಟೈಲರು ಬರುತ್ತಿದ್ದರು. ನಲವತ್ತು ವರ್ಷ ಬಟ್ಟೆ ಹೊಲಿದ ಆ ಮನುಷ್ಯನಿಗೆ ಲಕ್ವ ಹೊಡೆದ ಮೇಲೆ ಉಳಿದದ್ದು ಒಂದೇ ಪದ: "ಆಯ್ತು." ಹಸಿವಾದರೂ ಆಯ್ತು, ಸಿಟ್ಟು ಬಂದರೂ ಆಯ್ತು, ಮಗಳನ್ನು ಕರೆಯಬೇಕಾದರೂ ಆಯ್ತು. ಆಸ್ಪತ್ರೆಯ ಪದ್ಧತಿಯಲ್ಲಿ ಚಿತ್ರದ ಕಾರ್ಡುಗಳನ್ನು ಒಂದಕ್ಕೊಂದು ಸಂಬಂಧವಿಲ್ಲದಂತೆ ತೋರಿಸಬೇಕು: ಸೂಜಿ, ಮೋಡ, ಬೆಕ್ಕು, ಏಣಿ. ಒಂದು ದಿನ ಕಾರ್ಡಿನ ಕಟ್ಟು ಕೈಜಾರಿ ಬಿತ್ತು. ಮೇಷ್ಟ್ರು ಗಡಿಬಿಡಿಯಲ್ಲಿ ಹೆಕ್ಕಿ ಜೋಡಿಸಿದಾಗ ಸೂಜಿಯ ಹಿಂದೆಯೇ ದಾರದ ಉಂಡೆ ಬಂತು. ಟೈಲರು ಸೂಜಿ ನೋಡಿದರು, ದಾರ ನೋಡಿದರು, ಕೊರಳಿನ ನರ ಉಬ್ಬಿತು, "ದಾರ" ಎಂದರು.

ಮೇಷ್ಟ್ರು ಮೆಟ್ಟಿಲ ಮೇಲೆ ಕಾಲಿಡದೆಯೇ ಮೂರು ಮಹಡಿ ಹತ್ತಿ ದೊಡ್ಡ ಡಾಕ್ಟರ ಮುಂದೆ ನಿಂತರು. ದೊಡ್ಡ ಡಾಕ್ಟರು ಎಂದರೆ ಇಡೀ ವಿಭಾಗದ ಮುಖ್ಯಸ್ಥೆ. ಎತ್ತರ ಐದಡಿಗೂ ಕಡಿಮೆ, ಆದರೆ ಆಕೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರೆ ಎದುರಿಗಿದ್ದವರ ಎತ್ತರವೂ ಅಷ್ಟಕ್ಕೇ ಇಳಿಯುತ್ತದೆ.

"ಪದಗಳಿಗೂ ನೆಂಟಸ್ತಿಕೆ ಇರುತ್ತೆ ಮೇಡಂ," ಎಂದರು ಮೇಷ್ಟ್ರು ಏದುಸಿರು ಬಿಡುತ್ತಾ. "ಒಂದು ಎದ್ರೆ ಪಕ್ಕದಲ್ಲಿ ಮಲಗಿರೋದನ್ನೂ ಎಬ್ಬಿಸುತ್ತೆ. ಕಾರ್ಡುಗಳನ್ನ ಮನೆ ಮನೆಯಾಗಿ ಜೋಡಿಸ್ಬೇಕು."

"ಒಬ್ಬರ ಬಾಯಿಂದ ಒಂದು ಪದ ಬಂತು ಅಂತ ನಾನು ಪದ್ಧತಿ ಬದಲಿಸೋಕಾಗುತ್ತಾ ಮೇಷ್ಟ್ರೇ? ನೀವು ಬಳಸೋ ಪದಗಳಲ್ಲೇ, ಆರೋಗ್ಯವಾಗಿರೋರ ತಲೇಲಿ ಹಾಗಾಗುತ್ತೆ ಅಂತ ಮೊದಲು ಅಳೆದು ತೋರಿಸಿ. ಮುಂದಿನ ತಿಂಗಳ ಕೊನೇ ಗುರುವಾರ ಸಭೆ ಇದೆ. ಅವತ್ತು ತೋರಿಸಿದ್ರೆ ಟೈಲರಿಂದಲೇ ಶುರುಮಾಡಿ."

ಆ ಗುರುವಾರ ತಪ್ಪಿದರೆ ಮುಂದಿನ ಸಭೆ ಮೂರು ತಿಂಗಳಾಚೆ. ಟೈಲರಿಗೆ ಆಸ್ಪತ್ರೆ ಕೊಟ್ಟಿದ್ದ ಅವಧಿ ಅಷ್ಟರಲ್ಲಿ ಮುಗಿಯುತ್ತಿತ್ತು. ಆಮೇಲೆ ಅವರು ಮನೆಯಲ್ಲಿ ಕೂತು ಜನ್ಮವಿಡೀ "ಆಯ್ತು" ಎನ್ನಬೇಕು. ಮೇಷ್ಟ್ರು ಎದೆ ತಟ್ಟಿಕೊಂಡು ಒಪ್ಪಿಕೊಂಡರು. ಕೋಣೆಯ ಬಾಗಿಲು ದಾಟಿದ ಮೇಲೆ, ಅಳೆಯುವುದು ಹೇಗೆ ಎಂಬುದು ತಮಗೆ ಗೊತ್ತಿಲ್ಲ ಎಂದು ನೆನಪಾಯಿತು.

ಗೊತ್ತಿದ್ದವಳು ಅವರ ಅಕ್ಕನ ಮಗಳು ಪುಟ್ಟಿ. ಹೆಸರಿಗೆ ಪುಟ್ಟಿ, ವಯಸ್ಸು ಮೂವತ್ತೆರಡು. ವಿಶ್ವವಿದ್ಯಾಲಯದಲ್ಲಿ ಜನ ಹೇಗೆ ಓದುತ್ತಾರೆ, ಪದಗಳನ್ನು ಹೇಗೆ ಗುರುತಿಸುತ್ತಾರೆ ಎಂದು ಇಂಟರ್ನೆಟ್ಟಿನ ಮೂಲಕವೇ ಪ್ರಯೋಗ ನಡೆಸುವುದು ಅವಳ ಉದ್ಯೋಗ. ಭಾನುವಾರ ಬೆಳಿಗ್ಗೆ ಮನೆಗೆ ಬಂದು ಮಾವನ ಪಕ್ಕ ಕುರ್ಚಿ ಎಳೆದುಕೊಂಡು ಕೂತಳು.

"ನೋಡಿ ಮಾವ, ಸ್ಕ್ರೀನಿನ ಮೇಲೆ ಮೊದಲು ಒಂದು ಪದ ಬರುತ್ತೆ. ಸೂಜಿ ಅಂತಿಟ್ಕೊಳ್ಳಿ. ಅದು ಹೋದ ತಕ್ಷಣ ಇನ್ನೊಂದು ಬರುತ್ತೆ. ಅದು ನಿಜವಾದ ಪದವಾದ್ರೆ ಬಲಗೈ ಕೀ ಒತ್ಬೇಕು, ಸುಮ್ನೆ ಕಟ್ಟಿದ ಪದವಾದ್ರೆ ಎಡಗೈ ಕೀ. ಎಷ್ಟು ಬೇಗ ಒತ್ತಿದ್ರು ಅಂತ ಕಂಪ್ಯೂಟರ್ರು ಬರ್ಕೊಳ್ಳುತ್ತೆ. ಸೂಜಿ ಆದ್ಮೇಲೆ ದಾರ ಬಂದ್ರೆ ಬೇಗ ಒತ್ತಾರಾ, ಮೋಡ ಆದ್ಮೇಲೆ ದಾರ ಬಂದ್ರೆ ತಡ ಮಾಡ್ತಾರಾ, ಅಷ್ಟೇ ಪ್ರಶ್ನೆ."

"ಇಷ್ಟೇನಾ? ಸಂಜೆಯೊಳಗೆ ಮುಗಿಸಿ ಕೊಡ್ತೀನಿ."

"ಯಾವ ವರ್ಷದ ಸಂಜೆ?"

ಮುಗಿಸುವುದು ಒತ್ತಟ್ಟಿಗಿರಲಿ, "ನಮಸ್ಕಾರ, ಪ್ರಯೋಗಕ್ಕೆ ಸ್ವಾಗತ" ಎಂಬ ಮೊದಲ ಪುಟ ಕಾಣಿಸಲಿಕ್ಕೇ ಮೂರು ದಿನ ಹಿಡಿಯಿತು. ಪ್ರೋಗ್ರಾಂ ಬರೆದು ಲಿಂಕ್ ತೆರೆದರೆ ಸುಣ್ಣ ಹೊಡೆದ ಗೋಡೆಯಂಥ ಬಿಳಿ ಸ್ಕ್ರೀನು. ಮೇಷ್ಟ್ರು ಬೈದರು, ಬೇಡಿಕೊಂಡರು, ರೋಗಿಗಳಿಗೆ ಹೇಳುವಂತೆ "ನಿಧಾನ, ಅವಸರ ಇಲ್ಲ, ಮೊದಲ ಅಕ್ಷರ ಹೇಳಪ್ಪ" ಎಂದು ಪುಸಲಾಯಿಸಿದರು. ಕೊನೆಗೆ ಪುಟ್ಟಿ ಫೋನಿನಲ್ಲೇ ಪತ್ತೆ ಹಚ್ಚಿದಳು: ಹನ್ನೊಂದನೆಯ ಸಾಲಿನ ಕೊನೆಗೆ ಒಂದು ಅಲ್ಪವಿರಾಮ ಬಿಟ್ಟುಹೋಗಿತ್ತು. ಅದನ್ನು ಹಾಕಿದ್ದೇ ತಡ, ಸ್ಕ್ರೀನು ನಮಸ್ಕಾರ ಎಂದಿತು. ಇಪ್ಪತ್ತೆರಡು ವರ್ಷದಲ್ಲಿ ಎಷ್ಟೋ ಜನರ ಮೊದಲ ಮಾತಿಗೆ ಕಾದು ಕೂತಿದ್ದ ಮೇಷ್ಟ್ರಿಗೆ ಕಣ್ಣು ತುಂಬಿ ಬಂತು. ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಬೀದಿಗೆ ಓಡಿ, ಪತ್ರಿಕೆ ಹಾಕುವವನನ್ನು ಹಿಡಿದು ತಂದು ತೋರಿಸಿದರು. "ನನ್ನ ಕೂಸು ಮಾತಾಡಿತು ನೋಡಯ್ಯಾ" ಎಂದರು. ಅವನು ತೊಟ್ಟಿಲು ಎಲ್ಲಿದೆ ಎಂದು ಕೋಣೆಯೆಲ್ಲ ಹುಡುಕಿದ.

ಅಲ್ಲಿಂದ ಮೇಷ್ಟ್ರಿಗೆ ಹುಚ್ಚು ಹಿಡಿಯಿತು. ಪ್ರತಿ ಪದಕ್ಕೆ ಮುಂಚೆ ಅರ್ಧ ಸೆಕೆಂಡು ಪ್ಲಸ್ ಗುರುತು ತೋರಿಸಬೇಕು ಎಂದಳು ಪುಟ್ಟಿ.

"ಯಾಕೆ, ಗಣಿತದ ಪರೀಕ್ಷೇನಾ?"

"ಕಣ್ಣು ಒಂದು ಕಡೆ ನಿಲ್ಲಲಿ ಅಂತ ಮಾವ. ಬಾಯಿ ನಿಲ್ಲೋಕೂ ಹಂಗೊಂದು ಗುರುತಿದ್ದಿದ್ರೆ ಅತ್ತೆಗೆ ಉಪಕಾರ ಆಗ್ತಿತ್ತು."

ಪ್ಲಸ್ ಬಂತು. ಕೀ ಒತ್ತಿದ ಹೊತ್ತು ಮಿಲಿಸೆಕೆಂಡಿನಲ್ಲಿ ದಾಖಲಾಗತೊಡಗಿತು. ಸಾವಿರ ಮಿಲಿಸೆಕೆಂಡು ಸೇರಿದರೆ ಒಂದು ಸೆಕೆಂಡು. ಮೊದಲು ಹತ್ತು ಪದಗಳ ತಾಲೀಮು ಬಂತು. ಒಬ್ಬರಿಗೆ ಸೂಜಿಯ ಜೊತೆ ದಾರ ಬಂದರೆ ಇನ್ನೊಬ್ಬರಿಗೆ ಮೋಡದ ಜೊತೆ ದಾರ ಬರುವಂತೆ ಎರಡು ಪಟ್ಟಿಗಳು ಬಂದವು. ಕೊನೆಗೆ ಪುಟ್ಟಿ ಒಂದು ಸಾಲು ಬರೆಸಿದಳು. ಇಸ್ಪೀಟಿನ ಎಲೆ ಕಲಸಿದ ಹಾಗೆ ಅದು ನೂರ ಇಪ್ಪತ್ತು ಪದಗಳನ್ನು ಒಬ್ಬೊಬ್ಬರಿಗೂ ಬೇರೆ ಬೇರೆ ಕ್ರಮದಲ್ಲಿ ಕಲಸಿ ಕೊಡುತ್ತಿತ್ತು.

ಕಟ್ಟಿದ ಪದಗಳನ್ನು ತಯಾರಿಸುವುದಂತೂ ಮೇಷ್ಟ್ರಿಗೆ ಹಬ್ಬ. ಕೇಳಲಿಕ್ಕೆ ನಮ್ಮದೇ ಎನಿಸಬೇಕು, ಆದರೆ ಎಲ್ಲಿಯೂ ಇರಬಾರದು: ತೊರಬೆ, ಗಿಮಳ, ಹುಸಣೆ. ಗಂಟೆಗೆ ಸಾವಿರ ಕಟ್ಟಿದೆ ಎಂದು ಅವರು ಹೇಳಿಕೊಂಡಿದ್ದುಂಟು. ಮೊದಲು ಕೂರಿಸಿದ್ದು ಹೆಂಡತಿಯನ್ನು. ಆಕೆ ಬೀದಿ ಮೂಲೆಯ ಅಂಗಡಿಯಲ್ಲಿ ಗಡಿಯಾರ ರಿಪೇರಿ ಮಾಡುವವರು. ಬೆರಳು ಚುರುಕು, ನಾಲಿಗೆ ಇನ್ನೂ ಚುರುಕು.

"ಏನ್ರೀ ಇದು, ಗಿಮಳ ಅಂದ್ರೆ ಪದ ಅಲ್ಲ ಅಂತಿದೆ ನಿಮ್ಮ ಕಂಪ್ಯೂಟರ್ರು?"

"ಅಲ್ಲ ಕಣೇ. ನಾನೇ ಕಟ್ಟಿದ್ದು."

"ನಮ್ಮಜ್ಜಿ ನನ್ನನ್ನ ಬೈಯೋವಾಗ ದಿನಾ ಅಂತಿದ್ರು. ಗಿಮಳದ ಹಂಗೆ ಕೂತಿದೀಯಲ್ಲೇ ಅಂತ."

"ಹಂಗಂದ್ರೆ ಏನು?"

"ನಿಮ್ಮ ಹಂಗೆ ಅಂತ ಕಾಣುತ್ತೆ."

ಗಿಮಳವನ್ನು ತೆಗೆದು ಬೇರೆ ಪದ ಹಾಕಲಾಯಿತು.

ಎಲ್ಲ ಸಿದ್ಧವಾದ ಮೇಲೆ ಮೇಷ್ಟ್ರು ತಾವೇ ಒಮ್ಮೆ ಪರೀಕ್ಷಿಸಿ ನೋಡಿದರು. ಕಲಸಿದ ಕ್ರಮ ಅವರಿಗೆ ಹಿಡಿಸಲಿಲ್ಲ. ಅವರ ವೃತ್ತಿಯಲ್ಲಿ ಒಂದು ರೂಢಿಯಿದೆ: ಕಷ್ಟದ್ದೆಲ್ಲ ಮೊದಲು, ಸುಲಭದ್ದು ಕೊನೆಗೆ. ಕೊನೆಯ ಐದು ನಿಮಿಷ ರೋಗಿ ಗೆಲ್ಲಬೇಕು, ಗೆದ್ದು ಎದ್ದು ಹೋಗಬೇಕು, ಆಗಲೇ ಮರುದಿನ ಬರುವ ಮನಸ್ಸಾಗುವುದು. ಇಲ್ಲಿ ನೋಡಿದರೆ ಜೋಡಿಯಿರುವ ಸುಲಭದ ಪದಗಳು ಮೊದಲೇ ಬಂದುಬಿಡುತ್ತವೆ, ಕೊನೆಗೆ ಏಣಿ ಆದಮೇಲೆ ಉಪ್ಪು ಎಂಬಂಥ ತಲೆಬುಡವಿಲ್ಲದ್ದು. ಪಾಪ, ಜನ ಬೇಸರದಲ್ಲಿ ಎದ್ದು ಹೋಗಬೇಕೇ? ಮೇಷ್ಟ್ರು ಕಲಸುವ ಸಾಲನ್ನು ಸದ್ದಿಲ್ಲದೆ ಅಳಿಸಿ, ಸಂಬಂಧವಿಲ್ಲದ ಜೋಡಿಗಳನ್ನು ಮೊದಲ ಅರ್ಧಕ್ಕೂ ನೆಂಟ ಪದಗಳನ್ನು ಎರಡನೆಯ ಅರ್ಧಕ್ಕೂ ಕೈಯಾರೆ ಜೋಡಿಸಿ, ಕಟ್ಟಿದ ಪದಗಳನ್ನು ಎರಡೂ ಕಡೆ ಹಂಚಿದರು. ವಿಜ್ಞಾನಕ್ಕೆ ತಮ್ಮದೊಂದು ಸಣ್ಣ ಸುಧಾರಣೆ ಎಂದುಕೊಂಡರು.

ಶನಿವಾರ ಲಿಂಕ್ ಹೊರಟಿತು. ಅಕ್ಕತಂಗಿಯರು, ಷಡ್ಡಕ, ಬೀಗರು, ಹಳೆಯ ರೋಗಿಗಳ ಮನೆಯವರು, ಹೆಂಡತಿಯ ಅಂಗಡಿಯಲ್ಲಿ ಗಡಿಯಾರ ಬಿಟ್ಟು ಹೋದವರು, ಯಾರನ್ನೂ ಬಿಡಲಿಲ್ಲ. ಮೇಷ್ಟ್ರು ಕಂಪ್ಯೂಟರಿನ ಮುಂದೆ ಕೂತು ಫೈಲಿನಲ್ಲಿ ಸಾಲುಗಳು ಬೆಳೆಯುವುದನ್ನು ನೋಡಿದರು. ಎಲ್ಲೋ ಒಂದು ಮನೆಯಲ್ಲಿ ಒಬ್ಬರು ಕೀ ಒತ್ತುತ್ತಾರೆ, ಇಲ್ಲಿ ಅವರ ತಲೆಯೊಳಗಿನ ಐನೂರ ಎಂಬತ್ತೊಂದು ಮಿಲಿಸೆಕೆಂಡು ಬಂದು ಬೀಳುತ್ತದೆ. ಇದನ್ನು ನೋಡುತ್ತಾ ಅವರಿಗೆ ಊಟ ನೆನಪಾಗಲಿಲ್ಲ. ಒಂದು ಉತ್ತರಕ್ಕೆ ಹನ್ನೊಂದು ನಿಮಿಷ ಹಿಡಿದಿತ್ತು. ವಿಚಾರಿಸಿದರೆ ಅತ್ತಿಗೆ ನಡುವೆ ಎದ್ದು ಹೋಗಿ ಬಟ್ಟೆ ಒಣಗಿಸಿ ಬಂದಿದ್ದರು. ಅಂಥದ್ದನ್ನು ತೆಗೆದುಹಾಕಬೇಕೆಂದು ಪುಟ್ಟಿ ಮೊದಲೇ ಹೇಳಿಕೊಟ್ಟಿದ್ದಳು. ಸೋಮವಾರದ ಹೊತ್ತಿಗೆ ನಾಲ್ಕು ಸಾವಿರ ಜನ ಮುಗಿಸಿದ್ದರು ಎಂದು ಮೇಷ್ಟ್ರು ಆಸ್ಪತ್ರೆಯ ಲಿಫ್ಟಿನಲ್ಲಿ ಹೇಳಿದರು. ಫೈಲಿನ ಪ್ರಕಾರ ನಲವತ್ತೊಂದು.

ಮಂಗಳವಾರ ಸಂಜೆ ಪುಟ್ಟಿಗೆ ಫೋನು.

"ಕೂತಿದೀಯಾ, ನಿಂತಿದೀಯಾ?"

"ಬಸ್ಸಲ್ಲಿ ನೇತಾಡ್ತಿದೀನಿ. ಹೇಳಿ ಮಾವ, ವ್ಯತ್ಯಾಸ ಎಷ್ಟು ಬಂತು?"

"ಗಟ್ಟಿಯಾಗಿ ಹಿಡ್ಕೋ. ನೂರ ಎಪ್ಪತ್ತಮೂರು ಮಿಲಿಸೆಕೆಂಡು."

ಆ ಕಡೆಯಿಂದ ಕೇಳಿಸಿದ್ದು ಕಂಡಕ್ಟರ ಸೀಟಿ.

"ಮಾತೇ ಹೊರಡ್ತಿಲ್ವಾ? ನನ್ನ ಕೋಣೆಗೆ ಬಾ, ವಾರಕ್ಕೆ ಮೂರು ದಿನ ಕೂರಿಸ್ಕೊಂಡು ಹೇಳಿಕೊಡ್ತೀನಿ."

"ಮಾವ, ಎಲ್ಲರಿಗೂ ಇದು ಮೂವತ್ತೋ ನಲವತ್ತೋ ಬರುತ್ತೆ. ಇಷ್ಟು ದೊಡ್ಡದು ಬರಲ್ಲ. ಕಲಸೋ ಸಾಲು ಇದೆ ತಾನೇ?"

"ಇಲ್ದೆ ಎಲ್ಲಿಗೆ ಹೋಗುತ್ತೆ?" ಎಂದುಬಿಟ್ಟರು ಮೇಷ್ಟ್ರು.

ಫೋನಿಟ್ಟ ಮೇಲೆ ಫೈಲನ್ನು ಮತ್ತೆ ತೆರೆದರು. ಮೊದಲ ಅರವತ್ತು ಪದಗಳಲ್ಲಿ ಯಾರಿಗಾದರೂ ಕೈ ತಡವರಿಸುತ್ತದೆ. ಎರಡನೆಯ ಅರವತ್ತಕ್ಕೆ ಬರುವಾಗ ಕೈ ಪಳಗಿರುತ್ತದೆ. ನೆಂಟ ಪದಗಳೆಲ್ಲ ಕೊನೆಗಿದ್ದರೆ ಅವು ಗೆದ್ದದ್ದು ನೆಂಟಸ್ತಿಕೆಯಿಂದಲೋ, ಪಳಗಿದ ಕೈಯಿಂದಲೋ? ರೋಗಿಗಳನ್ನು ಗೆಲ್ಲಿಸಿ ಗೆಲ್ಲಿಸಿ ರೂಢಿಯಾಗಿದ್ದ ಮೇಷ್ಟ್ರು ಪದಗಳನ್ನೂ ಗೆಲ್ಲಿಸಿ ಕಳಿಸಿದ್ದರು.

ಬುಧವಾರ ಬೆಳಿಗ್ಗೆ ಯಾರಿಗೂ ಹೇಳದೆ ಕಲಸುವ ಸಾಲನ್ನು ಮತ್ತೆ ಬರೆದರು. ಈ ಸಲ ಅಲ್ಪವಿರಾಮ ಬಿಡಲಿಲ್ಲ. ಮೊದಲು ಮಾಡಿದವರು ಪದಗಳನ್ನು ನೋಡಿಯಾಗಿತ್ತು, ಹೊಸಬರು ಬೇಕು. ಔಷಧದ ಕೌಂಟರು, ರಕ್ತ ಪರೀಕ್ಷೆಯ ಲ್ಯಾಬು, ಎಕ್ಸರೇ ಕೋಣೆ, ಕಚೇರಿ, ಎಲ್ಲ ಕಡೆ ಲಿಂಕ್ ಕಳಿಸಿ, ಹಿಂದೆಯೇ ತಾವೂ ಹೋಗಿ ಬಾಗಿಲಲ್ಲಿ ನಿಂತರು. "ಆರು ನಿಮಿಷ, ಆರೇ ನಿಮಿಷ, ಆಮೇಲೆ ನಿಮ್ಮ ಮುಖವನ್ನೇ ನೋಡಲ್ಲ" ಎಂದು ಆಣೆ ಇಟ್ಟರು. ಅದೊಂದು ಆಮಿಷಕ್ಕೇ ಅನೇಕರು ಮಾಡಿದರು. ಸಾಯಂಕಾಲ ಲೆಕ್ಕ ಹಾಕಿದರೆ ವ್ಯತ್ಯಾಸ ಇಪ್ಪತ್ತೆಂಟು ಮಿಲಿಸೆಕೆಂಡು. ಕಣ್ಣು ಒಮ್ಮೆ ರೆಪ್ಪೆ ಬಡಿಯುವಷ್ಟರಲ್ಲಿ ಅಂಥವು ನಾಲ್ಕು ಹಿಡಿಸುತ್ತವೆ.

"ಇಷ್ಟು ಸಣ್ಣದನ್ನ ಹಿಡ್ಕೊಂಡು ಆ ಡಾಕ್ಟ್ರ ಮುಂದೆ ಹೆಂಗೆ ನಿಂತ್ಕೊಳ್ಳೋದು?" ಎಂದರು ಮೇಷ್ಟ್ರು ಹೆಂಡತಿಯ ಅಂಗಡಿಯ ಸ್ಟೂಲಿನ ಮೇಲೆ ಕೂತು. "ನಕ್ಕು ಕಳಿಸ್ತಾರೆ. ಟೈಲರ ಗತಿ ಮುಗೀತು."

ಹೆಂಡತಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಒಂದು ಸ್ಪ್ರಿಂಗು ಕೂರಿಸುತ್ತಿದ್ದರು. ತಲೆ ಎತ್ತಲಿಲ್ಲ. "ದಿನಕ್ಕೆ ಅರ್ಧ ನಿಮಿಷ ಹಿಂದೆ ಬೀಳುತ್ತೆ ಅಂತ ಈ ಗಡಿಯಾರ ತಂದಿದಾರೆ. ಸಣ್ಣದು ಅಂತ ನಾನು ನಕ್ಕು ಕಳಿಸಿದ್ನಾ?"

"ನಿನಗೆ ಅರ್ಥ ಆಗಲ್ಲ ಬಿಡು."

"ಆಗ್ತಿದೆ. ನಿಮಗೆ ದೊಡ್ಡದೇ ಬೇಕು."

ಗುರುವಾರ ಸಭೆಗೆ ಮೇಷ್ಟ್ರು ಎರಡು ಫೈಲನ್ನೂ ಒಂದೇ ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಹೋದರು. ಉದ್ದದ ಮೇಜು, ಎಂಟು ಜನ ವೈದ್ಯರು, ತುದಿಯಲ್ಲಿ ದೊಡ್ಡ ಡಾಕ್ಟರು. ಅವರ ಪಕ್ಕದ ಕುರ್ಚಿಯಲ್ಲಿ ಪುಟ್ಟಿ. ಈ ವಿಷಯ ಬಲ್ಲವರು ಒಬ್ಬರಿರಲಿ ಎಂದು ದೊಡ್ಡ ಡಾಕ್ಟರೇ ಕರೆಸಿದ್ದರಂತೆ. ಅವಳು ಮೇಷ್ಟ್ರ ಅಕ್ಕನ ಮಗಳು ಎಂಬುದು ಆಕೆಗೆ ಆಗ ತಾನೇ ಗೊತ್ತಾಗಿತ್ತು. ಮೇಷ್ಟ್ರಿಗೆ ಟೈಲರ ಮುಖ ನೆನಪಾಯಿತು. ಬೆರಳು ತಾನಾಗಿಯೇ ದೊಡ್ಡ ಫೈಲಿನ ಮೇಲೆ ಹೋಯಿತು.

ಗೋಡೆಯ ಮೇಲೆ ಎರಡು ಕಂಬಗಳು ಮೂಡಿದವು, ಒಂದು ಗಿಡ್ಡ, ಒಂದು ಆನೆಯಷ್ಟು. ಮೇಷ್ಟ್ರು ಅರ್ಧ ಗಂಟೆ ಮಾತಾಡಿದರು. ಮನುಷ್ಯನ ತಲೆಯೊಳಗೆ ಇಷ್ಟು ದೂರ ಇಳಿದು ವಾಪಸ್ಸು ಬಂದವರು ತಾವೇ ಮೊದಲಿಗರು ಎಂಬಂತೆ ಮಾತಾಡಿದರು. ಇಬ್ಬರು ವೈದ್ಯರು ಚಪ್ಪಾಳೆಯನ್ನೂ ತಟ್ಟಿದರು. ದೊಡ್ಡ ಡಾಕ್ಟರು ಮಾತ್ರ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಒಂದೇ ವಾರದಲ್ಲಿ ಪೂರ್ತಿ ವಾಸಿಯಾಯ್ತು ಅಂತ ಯಾರಾದ್ರೂ ಬಂದ್ರೆ ನಾನು ಮೊದಲು ಹಳೇ ರಿಪೋರ್ಟು ಕೇಳ್ತೀನಿ ಮೇಷ್ಟ್ರೇ. ಮೂಲ ಫೈಲು ತೆಗೀರಿ."

ಪುಟ್ಟಿ ಎದ್ದು ಬಂದು ಫೈಲು ತೆರೆದಳು. ಒಬ್ಬೊಬ್ಬರಿಗೂ ಎಷ್ಟನೆಯದಾಗಿ ಯಾವ ಪದ ಬಂತು ಎಂದು ಕಂಪ್ಯೂಟರು ಯಾರೂ ಕೇಳದೆಯೇ ಬರೆದಿಟ್ಟಿತ್ತು. ಅವಳ ಬೆರಳು ಆ ಸಾಲಿನಗುಂಟ ಕೆಳಗಿಳಿಯಿತು. ಪಟ್ಟಿ ಎರಡಾದರೂ ನಲವತ್ತೊಂದು ಜನಕ್ಕೂ ಒಂದೇ ಬಗೆಯ ಕ್ರಮ. ನೆಂಟ ಪದಗಳೆಲ್ಲ ಅರವತ್ತೊಂದರಿಂದ ನೂರ ಇಪ್ಪತ್ತರೊಳಗೆ.

"ಮಾವ," ಎಂದಳು, ಬೇರೆ ಯಾರಿಗೂ ಕೇಳದಷ್ಟು ಮೆಲ್ಲಗೆ. "ಕಲಸಿಲ್ಲ."

ಮೇಷ್ಟ್ರು ಬಾಯಿ ತೆರೆದರು. ಅವರ ಬಾಯಲ್ಲಿ ಆಗಲೇ ನಾಲ್ಕು ಸುಳ್ಳು ಸಾಲಾಗಿ ಸಿದ್ಧವಾಗಿದ್ದವು, ಒಂದಕ್ಕಿಂತ ಒಂದು ಚೆಂದ. ಆದರೆ ಸುಳ್ಳಿನ ಮೇಲೆ ನಿಂತ ಪದ್ಧತಿಯನ್ನು ನಾಳೆ ಟೈಲರ ಮೇಲೆ ಪ್ರಯೋಗಿಸಬೇಕಾದವರು ತಾವೇ. ಆ ಕೊರಳಿನ ನರ ಉಬ್ಬುವುದನ್ನು ನೋಡಬೇಕಾದವರೂ ತಾವೇ.

"ಕಲಸಿರಲಿಲ್ಲ ಮೇಡಂ," ಎಂದರು. "ಸುಲಭದ್ದು ಕೊನೆಗೆ ಇರಲಿ ಅಂತ ನಾನೇ ಆ ಸಾಲು ಅಳಿಸಿದ್ದೆ. ಮಂಗಳವಾರ ಇವಳು ಕೇಳಿದಾಗ ಸುಳ್ಳು ಹೇಳಿದೆ. ನಿನ್ನೆ ಕಲಸಿ ಮತ್ತೆ ಮಾಡ್ದೆ. ಇಪ್ಪತ್ತೆಂಟು ಬಂತು. ಅಷ್ಟು ಸಣ್ಣದನ್ನ ತೋರಿಸೋಕೆ ಧೈರ್ಯ ಆಗ್ಲಿಲ್ಲ. ಫೈಲು ಇದ್ರಲ್ಲೇ ಇದೆ."

ಪುಟ್ಟಿ ಎರಡನೆಯ ಫೈಲು ತೆರೆದಳು. ಕ್ರಮ ನೋಡಿದಳು, ತಪ್ಪು ಉತ್ತರಗಳನ್ನು ನೋಡಿದಳು, ಒಬ್ಬೊಬ್ಬರ ವ್ಯತ್ಯಾಸವನ್ನೂ ನೋಡಿದಳು. ನೋಡುತ್ತಾ ನೋಡುತ್ತಾ ಅವಳ ಮುಖ ಅರಳಿತು. "ಮಾವ, ಇದು ನಿಜವಾದ್ದು. ಹೆಚ್ಚು ಕಡಿಮೆ ಎಲ್ಲರಲ್ಲೂ ಇದೆ ನೋಡಿ, ಇವರಲ್ಲಿ, ಇವರಲ್ಲಿ, ಇವರಲ್ಲಿ. ನಮ್ಮ ವಿಭಾಗದಲ್ಲಿ ಮೊದಲನೇ ಸಲಕ್ಕೆ ಇಷ್ಟು ಚೊಕ್ಕವಾಗಿ ಯಾರಿಗೂ ಬಂದಿಲ್ಲ. ಇದನ್ನ ಬಿಟ್ಟು ಆ ದೊಡ್ಡ ಕಂಬ ತೋರಿಸಿದ್ರಲ್ಲ, ನಿಮಗೇನು ಹೇಳ್ಬೇಕು."

ದೊಡ್ಡ ಡಾಕ್ಟರು ಕನ್ನಡಕವನ್ನು ಮತ್ತೆ ಹಾಕಿಕೊಂಡು ಒಪ್ಪಿಗೆಯ ಕಾಗದ ಎಳೆದುಕೊಂಡರು. "ಇಪ್ಪತ್ತೆಂಟಕ್ಕೆ ಸಹಿ ಹಾಕ್ತೀನಿ. ಸೋಮವಾರ ಟೈಲರಿಂದ ಶುರುಮಾಡಿ. ಪ್ರತಿ ವಾರದ ಫೈಲೂ ಈ ನಿಮ್ಮ ಅಕ್ಕನ ಮಗಳ ಕಣ್ಣಿಗೆ ಬಿದ್ದ ಮೇಲೇ ನನಗೆ ಬರ್ಬೇಕು. ಎಷ್ಟು ಜನ ಮಾಡಿದ್ರು ಅಂತ ಬರ್ಕೊಳ್ಳಲಿ?"

"ಮೂವತ್ತೆರಡು," ಎಂದರು ಮೇಷ್ಟ್ರು. ಟೈಲರ ಹೆಸರು ಕಿವಿಗೆ ಬಿದ್ದದ್ದೇ ಬೆನ್ನು ನೆಟ್ಟಗಾಗಿತ್ತು. "ಇಡೀ ಆಸ್ಪತ್ರೇನೇ ಮುಗಿಬಿದ್ದಿತ್ತು ಮೇಡಂ."

"ಒಂದ್ನಿಮಿಷ," ಎಂದಳು ಪುಟ್ಟಿ. ಅವಳ ಕಣ್ಣು ಇನ್ನೂ ಸ್ಕ್ರೀನಿನ ಮೇಲೇ ಇತ್ತು. "ಈ ಕೊನೆಯವರು ಯಾರು ಮಾವ? ನೂರ ಇಪ್ಪತ್ತರಲ್ಲಿ ಒಂದೂ ತಪ್ಪಿಲ್ಲ. ಕಟ್ಟಿದ ಪದ ಬಂದ್ರೆ ಬೇರೆಯವರೆಲ್ಲ ಏಳುನೂರು ಎಂಟುನೂರು ಮಿಲಿಸೆಕೆಂಡು ತಡಕಾಡಿದಾರೆ. ಇವರು ಮುನ್ನೂರಕ್ಕೇ ಒತ್ತಿಬಿಟ್ಟಿದಾರೆ, ಪದಗಳೆಲ್ಲ ಮೊದಲೇ ಪರಿಚಯ ಇದ್ದ ಹಂಗೆ."

ಎಂಟು ಜನ ವೈದ್ಯರೂ ಮೇಷ್ಟ್ರ ಕಡೆ ತಿರುಗಿದರು. ಮೇಷ್ಟ್ರು ಫ್ಯಾನನ್ನು ನೋಡಿದರು, ಕಿಟಕಿಯನ್ನು ನೋಡಿದರು, ಕೊನೆಗೆ ತಮ್ಮ ಬಲಗೈ ಬೆರಳುಗಳನ್ನು ನೋಡಿದರು.

"ಅದು ನಾನೇ ಕಣೇ," ಎಂದರು. "ಎಲ್ಲರೂ ಮಾಡ್ತಿದ್ರು, ಆಸೆ ತಡೆಯೋಕಾಗ್ಲಿಲ್ಲ."

ಪುಟ್ಟಿ ಆ ಸಾಲುಗಳನ್ನು ತೆಗೆದುಹಾಕಿ ಮತ್ತೆ ಲೆಕ್ಕ ಹಾಕಿದಳು.

"ಎಷ್ಟಾಯ್ತು?" ಎಂದರು ದೊಡ್ಡ ಡಾಕ್ಟರು, ಪೆನ್ನು ಎತ್ತಿ ಹಿಡಿದು.

ಪುಟ್ಟಿ ಸ್ಕ್ರೀನನ್ನು ಮಾವನ ಕಡೆ ತಿರುಗಿಸಿ ಕಾದಳು. ಮೇಷ್ಟ್ರು ಓದಿದರು.

"ಮೂವತ್ತೊಂದು ಜನ ಮೇಡಂ. ಇಪ್ಪತ್ತೇಳು ಮಿಲಿಸೆಕೆಂಡು."